ಒಂದು ಪ್ರೋಟೀನು, ಒಂದು ಅರ್ಜಿ

(ವೈದ್ಯಕೀಯ ನೆರವು ನಿಧಿಯ ಸಭೆಯಲ್ಲಿ ಮಾಡಿದ ಭಾಷಣ)



ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಲೆಕ್ಕ ನೋಡಿದವನು, ಡಾಕ್ಟರಲ್ಲ. ಆದರೂ ನಿಧಿಗೆ ಬಂದಿರುವ ಒಂದು ಅರ್ಜಿಯ ಬಗ್ಗೆ ಮಾತಾಡಬೇಕಿದೆ. ಹನುಮಾನ್ ಘಾಟಿನ ಬಳಿ ಯಾತ್ರಿಕರಿಗೆ ಅಡುಗೆ ಮಾಡಿ ಹಾಕುತ್ತಿದ್ದ ನಮ್ಮ ಕನ್ನಡದ ಹೆಣ್ಣುಮಗಳೊಬ್ಬರಿಗೆ ರುಮಟಾಯ್ಡ್ ಸಂಧಿವಾತ. ಹಿಟ್ಟು ಕಲಸುತ್ತಿದ್ದ ಕೈಗೆ ಈಗ ಲೋಟ ಹಿಡಿಯಲು ಆಗುತ್ತಿಲ್ಲ.

"ವಯಸ್ಸಾದರೆ ಮೂಳೆ ಸವೆಯುತ್ತದೆ, ದುಡ್ಡು ಹಾಕಿ ಏನು ಫಲ?" ಎಂದು ಕೆಲವರು ಕೇಳಿದರು. ಇದು ಸವೆತವಲ್ಲ. ದೇಹವನ್ನು ಕಾಯಬೇಕಾದ ಕಾವಲೇ ಕೀಲುಗಳ ಮೇಲೆ ತಿರುಗಿ ಬಿದ್ದಿರುತ್ತದೆ. ಇದರಲ್ಲಿ ದೊಡ್ಡ ಪಾತ್ರ ಟಿ.ಎನ್.ಎಫ್. ಎಂಬ ಪ್ರೋಟೀನಿನದು. ಸೋಂಕು ತಗುಲಿದಾಗ ರಕ್ಷಣಾ ಕಣಗಳನ್ನು ಕೂಗಿ ಕರೆಯುವುದು ಅದರ ಕೆಲಸ. ಆ ಕೂಗು ನಿಲ್ಲದೇ ಹೋದರೆ ಉರಿಯೂತವೂ ನಿಲ್ಲದು, ಮೂಳೆಯೇ ಕರಗತೊಡಗುತ್ತದೆ. 1975ರಲ್ಲಿ ಇದಕ್ಕೆ ಹೆಸರಿಟ್ಟ ನ್ಯೂಯಾರ್ಕಿನ ವಿಜ್ಞಾನಿಗಳು ನೋಡುತ್ತಿದ್ದದ್ದು ಗಡ್ಡೆ ಕೊಲ್ಲುವ ಅದರ ಗುಣವನ್ನು. ಸಂಧಿವಾತದ ಸುಳಿವೇ ಆ ಹೆಸರಿನಲ್ಲಿಲ್ಲ. ಲೂಧಿಯಾನದಲ್ಲಿ ಹುಟ್ಟಿದ ಡಾ. ರವೀಂದರ್ ಮೈನಿ ಮತ್ತು ಮಾರ್ಕ್ ಫೆಲ್ಡ್‌ಮನ್ 1992ರಲ್ಲಿ ಲಂಡನ್ನಿನಲ್ಲಿ 20 ರೋಗಿಗಳಿಗೆ ಟಿ.ಎನ್.ಎಫ್. ತಡೆಯುವ ಔಷಧ ಕೊಟ್ಟು ನೋಡಿದರು. ಊತ, ನೋವು ಇಳಿದವು.

ಎಲ್ಲರಿಗೂ ಈ ಇಂಜೆಕ್ಷನ್ ಬೇಕಿಲ್ಲ. ವಾರಕ್ಕೊಮ್ಮೆ ತೆಗೆದುಕೊಳ್ಳುವ ಮೆಥೊಟ್ರೆಕ್ಸೇಟ್ ಅಗ್ಗ, ಬಹಳ ಜನರಿಗೆ ಅದೇ ಸಾಕು. ಈಕೆಗೆ ಸಾಕಾಗಲಿಲ್ಲ. 2014ರಲ್ಲಿ ಜೈಡಸ್ ಕಂಪನಿ ಅಡಾಲಿಮ್ಯುಮ್ಯಾಬ್ ಎಂಬ ಇಂಜೆಕ್ಷನ್ನನ್ನು ನಮ್ಮ ದೇಶದಲ್ಲೇ ತಯಾರಿಸಿದ ಮೇಲೆ ಬೆಲೆ ಇಳಿದಿದೆ, ನಿಜ. ಆದರೂ ಎರಡು ವಾರಕ್ಕೊಂದು ಚುಚ್ಚುಮದ್ದು ಅಡುಗೆಯವರ ಸಂಪಾದನೆಗೆ ನಿಲುಕುವಂಥದಲ್ಲ. ಆಯುಷ್ಮಾನ್ ಕಾರ್ಡ್ ಇದೆಯಲ್ಲ ಎನ್ನಬಹುದು. ಅದು ಆಸ್ಪತ್ರೆಗೆ ದಾಖಲಾದವರಿಗೆ, ಹೊರರೋಗಿಗಳಿಗೆ ಸಿಗದು.

ಇನ್ನೊಂದು ಖರ್ಚನ್ನು ನಮ್ಮ ಮಂಜೂರಾತಿಯಲ್ಲಿ ಯಾರೂ ಬರೆದಿಲ್ಲ. ಎಷ್ಟೋ ಜನರ ಮೈಯಲ್ಲಿ ಕ್ಷಯದ ರೋಗಾಣು ಸದ್ದಿಲ್ಲದೆ ಮಲಗಿರುತ್ತದೆ. ಅದರ ಸುತ್ತ ಕಣಗಳ ಗೋಡೆ ಕಟ್ಟಿ ನಿಲ್ಲಿಸಿರುವುದೂ ಇದೇ ಟಿ.ಎನ್.ಎಫ್. ಅದನ್ನು ತಡೆದರೆ ಗೋಡೆ ಸಡಿಲವಾಗಿ ರೋಗ ಎದ್ದು ಕೂರಬಹುದು. ಆದ್ದರಿಂದ ಮೊದಲು ಎದೆಯ ಎಕ್ಸ್‌ರೇ, ಕ್ಷಯದ ಪರೀಕ್ಷೆ, ಸೋಂಕು ಕಂಡರೆ ಅದಕ್ಕೆ ಮಾತ್ರೆ, ಆಮೇಲೆ ಇಂಜೆಕ್ಷನ್.

ಸಾಲದ ಮೊದಲ ಕಂತು ಕೊಟ್ಟು ಉಳಿದದ್ದು ನಿಲ್ಲಿಸಿದರೆ ಮನೆ ತಳಪಾಯದಲ್ಲೇ ನಿಲ್ಲುತ್ತದೆ, ಬ್ಯಾಂಕಿನಲ್ಲಿ ಇದನ್ನು ಬಹಳ ಕಂಡಿದ್ದೇನೆ. ಈ ಅರ್ಜಿಗೆ ಒಂದೇ ಸಲದ ಚೆಕ್ ಬೇಡ. ಪರೀಕ್ಷೆಗಳ ಖರ್ಚು ಸೇರಿಸಿ ಒಂದು ವರ್ಷಕ್ಕೆ ಮಂಜೂರು ಮಾಡೋಣ, ಆರು ತಿಂಗಳಿಗೊಮ್ಮೆ ಡಾಕ್ಟರ ಚೀಟಿ ನೋಡೋಣ. ತಿಂಗಳ ದೇಣಿಗೆಯ ಪತ್ರ ಖಜಾಂಚಿಯವರ ಮೇಜಿನ ಮೇಲಿದೆ. ಮೊದಲ ಸಾಲಿನಲ್ಲಿ ನನ್ನ ಸಹಿ ಇದೆ.