ಜೀತ ಮತ್ತು ಕಾಯಕ

(ತಿರುಮಕೂಡಲು ನರಸೀಪುರದ ಸಮೀಪದ ಗ್ರಾಮವೊಂದರಲ್ಲಿ ನಡೆದ ಶಿವಾನುಭವ ಗೋಷ್ಠಿಯಲ್ಲಿ ದಯಪಾಲಿಸಿದ ಆಶೀರ್ವಚನ)



ಈಚೆಗೆ ಶ್ರೀಮಠದ ವಿದ್ಯಾರ್ಥಿನಿಲಯದ ಹುಡುಗನೊಬ್ಬ ಚರಿತ್ರೆಯ ಪುಸ್ತಕ ಹಿಡಿದು ನಮ್ಮ ಬಳಿಗೆ ಬಂದ. "ಬುದ್ಧಿ, ಮನುಷ್ಯರೆಲ್ಲ ಸಮಾನರು ಎಂದು ಅಮೆರಿಕದವರು 1776ರಲ್ಲೇ ಸಾರಿದರು. 1787ರಲ್ಲಿ ಸಂವಿಧಾನವನ್ನೂ ಬರೆದುಕೊಂಡರು. ಇಷ್ಟಿದ್ದೂ ಅಣ್ಣತಮ್ಮಂದಿರು ಯಾಕೆ ಹೊಡೆದಾಡಿದರು?" ಎಂದು ಕೇಳಿದ. ನಾವು ಓದಿದ್ದು ವ್ಯಾಕರಣ, ತರ್ಕ. ಆ ದೇಶದ ಚರಿತ್ರೆ ನಮಗೆ ಪಾಠವಾಗಿರಲಿಲ್ಲ. ಅವನನ್ನೇ ಕೂರಿಸಿಕೊಂಡು ಎರಡು ರಾತ್ರಿ ಓದಿಸಿದೆವು. ಕೇಳುತ್ತ ಕೇಳುತ್ತ, ಇದು ಸಮುದ್ರದಾಚೆಯ ಕಥೆಯಲ್ಲ, ನಮ್ಮ ಕಪಿಲೆಯ ದಂಡೆಯ ಕಥೆಯೂ ಹೌದು ಎನಿಸಿತು. ಇವತ್ತು ಹೇಳುವ ಮಾತು ಕೆಲವರಿಗೆ ಕಹಿಯಾಗಬಹುದು. ಯುಗಾದಿಯ ದಿನ ಬೇವನ್ನೂ ತಿನ್ನುತ್ತೀರಲ್ಲ, ಹಾಗೆಯೇ ಸ್ವೀಕರಿಸಿ.

ಅಮೆರಿಕವೆಂದರೆ ರಾಜ್ಯಗಳ ಒಕ್ಕೂಟ. ದಕ್ಷಿಣದ ರಾಜ್ಯಗಳಲ್ಲಿ ಹತ್ತಿ, ಹೊಗೆಸೊಪ್ಪಿನ ದೊಡ್ಡ ದೊಡ್ಡ ತೋಟಗಳು. ಅಲ್ಲಿ ದುಡಿಯುತ್ತಿದ್ದವರು ಆಫ್ರಿಕದಿಂದ ಹಿಡಿದು ತಂದ ಜನ, ಅವರ ಮಕ್ಕಳು, ಮೊಮ್ಮಕ್ಕಳು. ಉತ್ತರದ ರಾಜ್ಯಗಳು ಆ ಪದ್ಧತಿಯನ್ನು ಒಂದೊಂದಾಗಿ ಕೈಬಿಟ್ಟವು. ಸಂವಿಧಾನ ಬರೆಯಲು ಕೂತ ಬುದ್ಧಿವಂತರು ಏನು ಮಾಡಿದರು ಗೊತ್ತೇ? 'ಗುಲಾಮ' ಎಂಬ ಶಬ್ದವನ್ನೇ ಅದರಲ್ಲಿ ಬರೆಯಲಿಲ್ಲ. ಆದರೆ ಕೆಳಮನೆಯ ಸ್ಥಾನಗಳನ್ನು ಹಂಚುವಾಗ ಐವರು ಗುಲಾಮರನ್ನು ಮೂವರೆಂದು ಎಣಿಸಬೇಕು ಎಂದು ಬರೆದರು. ಗುಲಾಮನಿಗೆ ಓಟಿಲ್ಲ. ಅವನ ತಲೆಯೆಣಿಕೆಯಿಂದ ಯಜಮಾನನ ರಾಜ್ಯಕ್ಕೆ ಬಲ ಹೆಚ್ಚು. ಹೆಸರು ಹೇಳಲು ನಾಚಿಕೆ, ಲಾಭ ಪಡೆಯಲು ನಾಚಿಕೆಯಿಲ್ಲ!

ಆಮೇಲೆ ನಡೆದದ್ದೆಲ್ಲ ರಾಜಿ. 1820ರಲ್ಲಿ ಒಂದು ರಾಜಿ: ಗುಲಾಮರಿರುವ ಒಂದು ರಾಜ್ಯ, ಇಲ್ಲದ ಒಂದು ರಾಜ್ಯ, ಹೀಗೆ ಜೊತೆ ಮಾಡಿ ಒಕ್ಕೂಟಕ್ಕೆ ಸೇರಿಸಿಕೊಂಡರು. 1850ರಲ್ಲಿ ಇನ್ನೊಂದು: ಓಡಿಹೋದ ಗುಲಾಮನನ್ನು ಉತ್ತರದವರೂ ಹಿಡಿದು ಒಪ್ಪಿಸಬೇಕೆಂಬ ಕಾನೂನು ಬಂತು. 1857ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವೇ ಕಪ್ಪು ಜನ ಆ ದೇಶದ ಪ್ರಜೆಗಳಾಗಲಾರರು ಎಂದು ತೀರ್ಪು ಕೊಟ್ಟಿತು. ರಾಜಿಗೆ ಕೂತವರಲ್ಲಿ ಯಜಮಾನರೂ ಇದ್ದರು. ಯಾರ ಬಾಳಿನ ಮಾತು ನಡೆಯುತ್ತಿತ್ತೋ ಅವನಿಗೆ ಆ ಜಗಲಿಯ ಮೇಲೆ ಜಾಗವಿರಲಿಲ್ಲ. 1860ರ ಹೊತ್ತಿಗೆ ಅಂಥವರ ಸಂಖ್ಯೆ ಸುಮಾರು 40 ಲಕ್ಷ. ಆ ವರ್ಷ ಲಿಂಕನ್ ಮಹಾಶಯರು ಅಧ್ಯಕ್ಷರಾಗಿ ಆರಿಸಿ ಬಂದರು. ಈ ಪದ್ಧತಿ ಹೊಸ ಸೀಮೆಗಳಿಗೆ ಹರಡಬಾರದು ಎಂಬುದಷ್ಟೇ ಆಗ ಅವರ ಪಟ್ಟು. ಅಷ್ಟಕ್ಕೇ, ಅವರು ಪ್ರಮಾಣ ಸ್ವೀಕರಿಸುವ ಮೊದಲೇ ಏಳು ರಾಜ್ಯಗಳು ಒಕ್ಕೂಟ ಬಿಟ್ಟವು. 1861ರಿಂದ 1865ರವರೆಗೆ ಯುದ್ಧ. ಸತ್ತವರು 6 ಲಕ್ಷಕ್ಕೂ ಮೇಲೆ. 1865ರ ಡಿಸೆಂಬರಿನಲ್ಲಿ ಸಂವಿಧಾನದ ಹದಿಮೂರನೆಯ ತಿದ್ದುಪಡಿಯಿಂದ ಗುಲಾಮಗಿರಿ ರದ್ದಾಯಿತು.

ಇದರಲ್ಲಿ ನಮ್ಮನ್ನು ಹೆಚ್ಚಾಗಿ ಚುಚ್ಚಿದ್ದು ಯುದ್ಧವಲ್ಲ, ಯುದ್ಧಕ್ಕೆ ಮೊದಲು ಧರ್ಮಗುರುಗಳು ನಡೆದುಕೊಂಡ ರೀತಿ. 1844ರಲ್ಲಿ ಮೆಥಡಿಸ್ಟ್ ಪಂಥದವರ ಮಹಾಸಭೆ. ಒಬ್ಬ ಬಿಷಪ್ ಗುಲಾಮರನ್ನು ಇಟ್ಟುಕೊಂಡಿದ್ದಾರೆ, ಇದು ಸರಿಯೇ ಎಂದು ಚರ್ಚೆ ಎದ್ದಿತು. ಸರಿಯಲ್ಲ ಎಂದದ್ದಕ್ಕೆ ದಕ್ಷಿಣದವರು ಬೇರೆಯಾದರು. 1845ರಲ್ಲಿ ಬ್ಯಾಪ್ಟಿಸ್ಟರೂ ಒಡೆದರು. ದಕ್ಷಿಣದ ಎಷ್ಟೋ ಪೀಠಗಳಿಂದ ಗುಲಾಮಗಿರಿಗೆ ಶಾಸ್ತ್ರಾಧಾರ ಕೊಟ್ಟು ಪ್ರವಚನ ಮಾಡಿದರು. ಪೀಠದ ಮೇಲೆ ಕೂತವನಿಗೆ ಕೆಳಗೆ ಕೂತ ಶ್ರೀಮಂತ ಭಕ್ತನ ಮುಖ ಮೊದಲು ಕಾಣುತ್ತದೆ. ಇದು ಆ ದೇಶದ ಪೀಠಗಳಿಗೆ ಮಾತ್ರ ಬಂದ ರೋಗವೇ?

"ಸ್ವಾಮಿ, ನಮ್ಮಲ್ಲಿ ಗುಲಾಮಗಿರಿ ಎಲ್ಲಿತ್ತು?" ಎನ್ನುತ್ತೀರಿ. ಅವರ ಹಾಗೆ ಕಟಕಟೆ ಹತ್ತಿಸಿ ಹರಾಜು ಹಾಕಲಿಲ್ಲ, ಒಪ್ಪೋಣ. ನಮ್ಮಲ್ಲಿದ್ದದ್ದು ಜೀತ. ಈ ಶಬ್ದ 'ಜೀವಿತ' ಎಂಬ ಸಂಸ್ಕೃತ ಪದದ ತದ್ಭವ. ಬದುಕಲು ಸಿಗುವ ಸಂಬಳ ಎಂದು ಅರ್ಥ. ಎಂಥ ಒಳ್ಳೆಯ ಶಬ್ದ ಎಂಥ ಕಡೆಗೆ ಇಳಿಯಿತು ನೋಡಿ! ಮಗಳ ಮದುವೆಗೋ ಕಾಯಿಲೆಗೋ ಸಾಲ ಎತ್ತುತ್ತಾನೆ. ಹೆಬ್ಬೆಟ್ಟು ಒತ್ತುತ್ತಾನೆ. ದುಡಿಮೆಯೆಲ್ಲ ಬಡ್ಡಿಗೆ ಜಮಾ, ಅಸಲು ಹಾಗೆಯೇ ನಿಂತಿರುತ್ತದೆ. ಜ್ವರ ಬಂದು ಮಲಗಿದ ದಿನವೂ ಬಾಕಿಗೆ ಸೇರುತ್ತದೆ. ಅಪ್ಪನಿಗೆ ಕೈಲಾಗದೆ ಹೋದರೆ ಮಗ ಬಂದು ಕೊಟ್ಟಿಗೆಗೆ ನಿಲ್ಲುತ್ತಾನೆ.

1950ರಿಂದಲೇ ನಮ್ಮ ಸಂವಿಧಾನದ 23ನೆಯ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸಿದೆ. ಆದರೂ ಇಪ್ಪತ್ತೈದು ವರ್ಷ ನಾವೂ ರಾಜಿಯಲ್ಲೇ ಕಳೆದೆವು. ಜೀತ ನಿರ್ಮೂಲನದ ಸುಗ್ರೀವಾಜ್ಞೆ 1975ರ ಅಕ್ಟೋಬರಿನಲ್ಲಿ ಬಂತು, 1976ರಲ್ಲಿ ಅದು ಕಾಯಿದೆಯಾಯಿತು. ಜೀತದ ಸಾಲವೆಲ್ಲ ಆ ಕ್ಷಣಕ್ಕೇ ತೀರಿಹೋಯಿತು ಎಂದು ಅದು ಹೇಳುತ್ತದೆ. ತೀರಿದ ಸಾಲಕ್ಕೆ ಹಣ ತೆಗೆದುಕೊಂಡರೂ ಅಪರಾಧ. ಮೂರು ವರ್ಷದವರೆಗೆ ಶಿಕ್ಷೆ ಉಂಟು. ಇದು ಜೀತದ ಸಾಲ ಎಂದು ಆಳು ಹೇಳಿದರೆ, ಅಲ್ಲವೆಂದು ಸಾಧಿಸುವ ಭಾರ ಸಾಲ ಕೊಟ್ಟವನ ಮೇಲೆ. ಕರ್ನಾಟಕ ಒಂದರಲ್ಲೇ 60 ಸಾವಿರಕ್ಕೂ ಹೆಚ್ಚು ಜನರನ್ನು ಜೀತದವರೆಂದು ಗುರುತಿಸಿದರು. ಗುರುತಿಗೆ ಸಿಗದವರ ವಿಷಯವನ್ನು ಈಗ ಹೇಳುತ್ತೇವೆ.

ನಮ್ಮ ಪೂರ್ವಾಶ್ರಮದ ಮನೆಯೂ ಇದೇ ಸೀಮೆಯದು. ನಾಲೆಯ ಗದ್ದೆ, ಆರು ಎತ್ತು. ನಮಗಿಂತ ಎರಡು ವರ್ಷಕ್ಕೆ ದೊಡ್ಡವನಾದ ಹುಡುಗನೊಬ್ಬ ಜೀತಕ್ಕಿದ್ದ. ಮೊದಲು ಅವನ ತಂದೆ ಇದ್ದ, ಆತ ಹಾಸಿಗೆ ಹಿಡಿದ ಮೇಲೆ ಇವನು ಬಂದ. ಕಾಯಿದೆಯಾಗಿ ಆಗಲೇ ನಾಲ್ಕು ವರ್ಷ ಕಳೆದಿತ್ತು. ನಮ್ಮ ಅಕ್ಷರ ದುಂಡಗಿತ್ತು. ಅದಕ್ಕಾಗಿ ಯುಗಾದಿಯ ದಿನ ಅಜ್ಜನವರು ಲೆಕ್ಕದ ಪುಸ್ತಕವನ್ನು ನಮ್ಮ ಕೈಗೇ ಕೊಡುತ್ತಿದ್ದರು. ಅವರು ಹೇಳುವುದು, ನಾವು ಬರೆಯುವುದು. ಒಂದು ವರ್ಷ ಎತ್ತಿನ ಕಾಲು ಮುರಿಯಿತು. ಅದರ ಬೆಲೆಯನ್ನು ಆ ಹುಡುಗನ ಹೆಸರಿಗೆ ಬರೆದ ಕೈ ಇದೇ ಕೈ. ವಿಚಾರಣೆಗೆ ಅಧಿಕಾರಿಗಳು ಊರಿಗೆ ಬಂದಾಗ ಅವನು, "ನಾನು ಇದೇ ಮನೆ ಮಗ, ಉಂಡುಕೊಂಡು ಇದ್ದೀನಿ" ಎಂದ. ಹಾಗೆ ಹೇಳಿಕೊಟ್ಟಿದ್ದರು. ಪಕ್ಕದಲ್ಲಿ ನಿಂತಿದ್ದ ನಾವು ಬಾಯಿ ಬಿಡಲಿಲ್ಲ.

ಮುಂದೆ ನಾವು ಸಂಸ್ಕೃತ ಪಾಠಶಾಲೆಗೆ ಹೋದೆವು. ಕ್ರಿಯೆ ಮಾಡುವುದರಲ್ಲಿ ಸ್ವತಂತ್ರನಾದವನಿಗೆ ಮಾತ್ರ ವ್ಯಾಕರಣ ಕರ್ತೃವೆಂಬ ಹೆಸರು ಕೊಡುತ್ತದೆ ಎಂದು ಗುರುಗಳು ಪಾಠ ಹೇಳಿದರು. ಬಾಯಿಪಾಠ ಮಾಡಿದೆವು. ಆ ಹೊತ್ತಿಗೆ ನಮಗೆ ಆ ಹುಡುಗನ ನೆನಪಾಗಲಿಲ್ಲ. ಪೀಠಕ್ಕೆ ಬಂದ ಮೇಲೆ ಕಾಯಕದ ಮೇಲೆ ಎಷ್ಟೋ ಪ್ರವಚನ ಮಾಡಿದ್ದೇವೆ, ನೀವು ಕೇಳಿ ತಲೆದೂಗಿದ್ದೀರಿ. ಕಾಯಕ ಮಾಡುವವನು ಬೆಳಿಗ್ಗೆ ತಾನೇ ಮನಸ್ಸು ಮಾಡಿ ಎದ್ದು ಹೊರಡಬೇಕು. ಅವನ ಮನೆಯ ದಾಸೋಹಕ್ಕೆ ಅವನದೇ ದುಡಿಮೆಯ ಕಾಳಿರಬೇಕು. ಹೊರಡುವ ಹಕ್ಕೇ ಇಲ್ಲದವನು ನಮ್ಮ ಗದ್ದೆಯಲ್ಲಿ ದುಡಿದ. ಅವನ ದುಡಿಮೆಯ ಬತ್ತದಿಂದ ನಾವು ದಾಸೋಹ ಮಾಡಿ ಹೆಸರು ಪಡೆದೆವು.

ಹುಡುಗ ಪುಸ್ತಕ ಓದಿ ಮುಗಿಸಿದ ಮೇಲೆ ನಮಗೆ ನಿದ್ರೆ ಬರಲಿಲ್ಲ. ವಿಚಾರಿಸಿಕೊಂಡು ಅವನ ಮನೆಗೆ ಹೋದೆವು. ತಲೆ ಪೂರ್ತಿ ನರೆತಿದೆ. ಎದ್ದು ನಿಂತ. ಕೈ ಹಿಡಿದು ಮಂಚದ ಮೇಲೆ ಕೂರಿಸಿಕೊಂಡೆವು. ಬಹಳ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲಗೆ ಕೇಳಿದ: "ಬುದ್ಧಿ, ಆ ಬಾಕಿ ಈಗ ಎಷ್ಟಾಗದೆ?"

ಅಪ್ಪಾ, ನೀನು ನಮ್ಮ ಮನೆಗೆ ಬರುವ ಮೊದಲೇ ಆ ಸಾಲ ತೀರಿಹೋಗಿತ್ತು ಎಂದು ಹೇಳಿದೆವು. ಅವನು ನಂಬಲಿಲ್ಲ. "ಪುಸ್ತಕದಲ್ಲಿ ಅದೆಯಲ್ಲ" ಎಂದ.

ಆ ಪುಸ್ತಕ ಪೂರ್ವಾಶ್ರಮದ ಮನೆಯ ಅಟ್ಟದ ಮೇಲಿತ್ತು, ತರಿಸಿದ್ದೇವೆ. ಇಗೋ, ನೋಡಿ. ನಾಳೆ ಅವನ ಕೈಗೆ ಕೊಡುತ್ತೇವೆ. ಏನು ಮಾಡಬೇಕೋ ಅವನೇ ಹೇಳಲಿ.

ಈ ಸಭೆಯಲ್ಲಿ ಕೂತವರ ಮನೆಗಳಲ್ಲೂ ಇಂಥ ಪುಸ್ತಕ, ಚೀಟಿ ಇದ್ದಾವು. ಹಳೆಯವು ಮಾತ್ರ ಅಲ್ಲ. ಜೀತವೆಂಬ ಮಾತು ಹೋಗಿ 'ಮುಂಗಡ' ಎಂಬ ಮಾತು ಬಂದಿದೆ. ಇಟ್ಟಿಗೆ ಗೂಡಿನಲ್ಲಿ, ತೋಟದಲ್ಲಿ, ಮುಂಗಡ ತೀರುವ ತನಕ ಹೊರಗೆ ಹೋಗಕೂಡದು ಎಂದರೆ ಅದೂ ಜೀತವೇ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಎಂದು 1982ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಅಂಥ ಕಾಗದವಿದ್ದವರು ಹೆದರಿ ಸುಟ್ಟುಬಿಡಬೇಡಿ. ದುಡಿದವನಿಗೆ ಬಿಡುಗಡೆ ಪತ್ರ ಸಿಗಲು ಅಧಿಕಾರಿಗಳ ಮುಂದೆ ಅದು ಬೇಕಾಗುತ್ತದೆ. ಇಲ್ಲಿ ಎಲ್ಲರೆದುರು ಎದ್ದು ನಿಲ್ಲುವುದೂ ಬೇಡ. ಮುಂದಿನ ಸೋಮವಾರ ಪೂಜೆ ಮುಗಿದ ಮೇಲೆ ನಾವು ಒಬ್ಬರೇ ಮಠದ ಒಳಜಗಲಿಯಲ್ಲಿ ಕೂತಿರುತ್ತೇವೆ. ಕಾಗದವನ್ನೂ ತನ್ನಿ, ಆ ಮನುಷ್ಯನನ್ನೂ ಕರೆದುಕೊಂಡು ಬನ್ನಿ. ಮಂಗಳಾರತಿಗೆ ಹೊತ್ತಾಯಿತು.