ಮೂತ್ರಕೋಶದ ಆರೋಗ್ಯ ಮತ್ತು ನಾವು ದುಡಿಯುವವರು
(ಮಗರಪಟ್ಟಾದಲ್ಲಿ ನಡೆದ ಕಾರ್ಮಿಕ ಬಂಧುಗಳ ಕೂಟದಲ್ಲಿ ಮಾಡಿದ ಭಾಷಣ)



ಪಗಾರ, ಬೋನಸ್ಸು, ರಜೆ, ಇವುಗಳ ಮೇಲೆ ನಾವು ಬೇಕಾದಷ್ಟು ಭಾಷಣ ಮಾಡಿದ್ದೇವೆ. ಈ ಹೊತ್ತು ಉಚ್ಚೆಯ ವಿಷಯ ಮಾತಾಡಲು ನಿಂತಿದ್ದೇವೆ. ಹಿಂದಿನ ಬೆಂಚಿನಲ್ಲಿ ನಗು ಕೇಳಿಸಿತು. ನಗಲಿ, ನಾವೂ ಹೀಗೆಯೇ ನಕ್ಕವರು. ಆ ನಗುವಿನ ಬೆಲೆ ತಿಳಿದ ಮೇಲೆಯೇ ಈ ವಿಷಯವನ್ನು ಆರಿಸಿಕೊಂಡದ್ದು.

ನಾವು ಓದಿದ್ದು ಮಿಡ್ಲ್ ಸ್ಕೂಲಿನ ತನಕ. ಆಮೇಲೆ ಕಲಿತದ್ದೆಲ್ಲ ಅಡಿಗೆಮನೆಯಲ್ಲಿ, ಸಂಘದ ಕೆಲಸದಲ್ಲಿ, ಆಸ್ಪತ್ರೆಯ ಜಗಲಿಯಲ್ಲಿ. ಡಾಕ್ಟರರು ಹೇಳಿದ್ದನ್ನು ಕೇಳಿ, ಪುಸ್ತಕ ಓದಬಲ್ಲವರಿಂದ ಓದಿಸಿಕೊಂಡು, ತಿಳಿದಷ್ಟನ್ನು ಹೇಳುತ್ತೇವೆ.

ನಮ್ಮೊಡನೆ ಒಬ್ಬ ದೋಸೆ ಭಟ್ಟರು ದುಡಿಯುತ್ತಿದ್ದರು. ಬೆಳಿಗ್ಗೆ ಐದಕ್ಕೆ ಕಾವಲಿಯ ಮುಂದೆ ನಿಂತರೆ ಹನ್ನೊಂದಕ್ಕೆ ಅಲ್ಲಿಂದ ಕದಲುವುದು. ಆ ಹೋಟೆಲಿನಲ್ಲಿ ಕೆಲಸದವರಿಗೆ ಇದ್ದದ್ದು ಒಂದೇ ಪಾಯಖಾನೆ. ಅದರ ಬೀಗದ ಕೈ ಗಲ್ಲಾದ ಮೇಲೆ. ಗಿರಾಕಿಗಳ ಎದುರು ಹೋಗಿ ಬೀಗದ ಕೈ ಕೇಳಬೇಕು. "ಇಷ್ಟು ಜನ ನಿಂತಿರುವಾಗಲೇ ನಿನಗೆ ಬರಬೇಕೇ?" ಎಂಬ ಮಾತನ್ನೂ ಕೇಳಿಸಿಕೊಳ್ಳಬೇಕು. ಭಟ್ಟರು ಮಾನಸ್ಥರು. ಕೇಳುವುದನ್ನೇ ಬಿಟ್ಟರು. ಕೇಳುವ ಪ್ರಸಂಗವೇ ಬಾರದ ಹಾಗೆ, ಹನ್ನೊಂದು ಹೊಡೆಯುವ ತನಕ ನೀರು ಕುಡಿಯುವುದನ್ನೂ ಬಿಟ್ಟರು. ನಾವು ಹುಡುಗರು ಅವರನ್ನು "ಒಂಟೆ ಭಟ್ಟರು" ಎಂದು ಕರೆದು ಹಾಸ್ಯ ಮಾಡುತ್ತಿದ್ದೆವು.

ಒಂದು ಭಾನುವಾರ, ಗಿರಾಕಿ ತುಂಬಿದ ಹೊತ್ತಿನಲ್ಲಿ, ಭಟ್ಟರು ಸಟ್ಟುಗ ಕೆಳಗೆ ಬಿಟ್ಟು ಪಕ್ಕೆ ಹಿಡಿದುಕೊಂಡು ಒಲೆಯ ಬಳಿಯೇ ಕುಸಿದರು. ಸೊಂಟದಿಂದ ತೊಡೆಸಂದಿಗೆ ಇಳಿಯುವ ನೋವು, ವಾಂತಿ, ಚಳಿಜ್ವರ. ಕಲ್ಲೊಂದು ಮೂತ್ರಪಿಂಡದಿಂದ ಜಾರಿ ನಾಳದಲ್ಲಿ ಸಿಕ್ಕಿಕೊಂಡಿತ್ತು. ಹಿಂದೆ ನಿಂತ ನೀರಿಗೆ ನಂಜು ಏರಿತ್ತು. ಇನ್ನೊಂದು ದಿನ ತಡೆದಿದ್ದರೆ ಕೈಗೆ ಸಿಗುತ್ತಿರಲಿಲ್ಲ ಎಂದರು ಡಾಕ್ಟರರು. ಭಟ್ಟರು ಉಳಿದರು. ಎರಡು ತಿಂಗಳ ಪಗಾರ ಹೋಯಿತು, ಊರಿನ ಗದ್ದೆಯ ಮೇಲೆ ಸಾಲ ಎದ್ದಿತು.

ಇದು ಹೇಗಾಗುತ್ತದೆಂದು ತಿಳಿದುಕೊಳ್ಳಿ. ನಮ್ಮ ಎರಡು ಮೂತ್ರಪಿಂಡಗಳು ದಿನವೊಂದಕ್ಕೆ ಸುಮಾರು 180 ಲೀಟರು ನೀರನ್ನು ರಕ್ತದಿಂದ ಸೋಸುತ್ತವೆ. ಅದರಲ್ಲಿ ಬಹುಪಾಲು ರಕ್ತಕ್ಕೇ ಮರಳಿ, ಒಂದೂವರೆ ಎರಡು ಲೀಟರು ಮಾತ್ರ ಮೂತ್ರವಾಗಿ ಮೂತ್ರಕೋಶಕ್ಕೆ ಇಳಿಯುತ್ತದೆ. ಕೋಶವು ಸುಮಾರು ಅರ್ಧ ಲೀಟರು ಹಿಡಿಯುವ ಒಂದು ಚೀಲ. ಅರೆಪಾಲು ತುಂಬುವಷ್ಟರಲ್ಲೇ ನಮಗೆ ಸೂಚನೆ ಕೊಡುತ್ತದೆ. ಒಲೆಯ ಮುಂದೆ ನಿಂತವನ ನೀರು ಬೆವರಾಗಿ ಹೋದಾಗ ಮೂತ್ರ ಕಡಿಮೆಯಾಗಿ ಗಟ್ಟಿಯಾಗುತ್ತದೆ. ಬತ್ತಿಸಿದ ಸಾರಿನಲ್ಲಿ ಉಪ್ಪು ತಳ ಹಿಡಿಯುವುದನ್ನು ನೀವು ನೋಡಿಲ್ಲವೇ? ಹಾಗೆಯೇ ಅದರಲ್ಲಿನ ಲವಣಗಳು ಹರಳುಗಟ್ಟಿ ಕಲ್ಲಾಗುತ್ತವೆ. ಕೋಶದಲ್ಲಿ ನೀರು ಬಹಳ ಹೊತ್ತು ನಿಂತರೆ ಒಳಹೊಕ್ಕ ಕ್ರಿಮಿಗಳು ಬೆಳೆಯಲು ಸಮಯ ಸಿಗುತ್ತದೆ, ಉರಿಮೂತ್ರ ಬರುತ್ತದೆ. ಹೆಂಗಸರಲ್ಲಿ ಮೂತ್ರನಾಳ ಗಿಡ್ಡವಾದ್ದರಿಂದ ಕ್ರಿಮಿಗಳು ಬೇಗ ಮೇಲೇರುತ್ತವೆ. ಪಾತ್ರೆ ತೊಳೆಯುವ, ತರಕಾರಿ ಹೆಚ್ಚುವ, ಕಚೇರಿ ಗುಡಿಸುವ ನಮ್ಮ ಅಕ್ಕತಂಗಿಯರಿಗೆ ಈ ಕಷ್ಟ ನಮಗಿಂತ ಹೆಚ್ಚು. ಅವರು ಬಾಯಿಬಿಟ್ಟು ಹೇಳುವುದು ನಮಗಿಂತ ಕಡಿಮೆ.

ಕಲ್ಲಿನ ರೋಗ ಇಂದಿನದಲ್ಲ. ನಮ್ಮ ಸುಶ್ರುತ ಸಂಹಿತೆಯಲ್ಲಿ ಇದಕ್ಕೆ ಅಶ್ಮರಿ ಎಂದು ಹೆಸರು. ಮದ್ದಿನಿಂದ ಹೋಗದಿದ್ದರೆ ಶಸ್ತ್ರ ಮಾಡಬೇಕು. ಮಾಡದಿದ್ದರೆ ಸಾವು ಖಂಡಿತ, ಮಾಡಿದರೂ ಬದುಕು ಸಂಶಯ, ಆದಕಾರಣ ಒಡೆಯನ ಅಪ್ಪಣೆ ಪಡೆದೇ ಕೈಹಾಕಬೇಕು ಎಂಬ ಎಚ್ಚರಿಕೆ ಅಲ್ಲಿದೆ. ರೋಗಿಯನ್ನು ಹಲಗೆಯ ಮೇಲೆ ಮಲಗಿಸಿ, ಗುದದ ಮುಂದಿನ ಹೊಲಿಗೆಯಂಥ ಗೆರೆಯಿಂದ ಎಡಕ್ಕೆ ಒಂದು ಜವೆಕಾಳಿನಷ್ಟು ಬಿಟ್ಟು ಕೊಯ್ಯಬೇಕು. ಚೂರು ಉಳಿದರೂ ಮತ್ತೆ ಬೆಳೆಯುವುದರಿಂದ ಪೂರ್ತಿ ತೆಗೆಯಬೇಕು ಎಂದೂ ಹೇಳಿದೆ. ಅರಿವಳಿಕೆ ಇಲ್ಲದ ಕಾಲದಲ್ಲಿ ಇದನ್ನು ತಡೆದುಕೊಂಡವರು ಯಾರೋ!

ಯೂರೋಪಿನಲ್ಲಿ 1651ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಯಾನ್ ದೆ ಡೋಟ್ ಎಂಬ ಕಮ್ಮಾರ ಎರಡು ಸಲ ವೈದ್ಯರ ಕೈಲಿ ಕೊಯ್ಯಿಸಿಕೊಂಡು ಬೇಸತ್ತು, ಹೆಂಡತಿಯನ್ನು ಪೇಟೆಗೆ ಕಳಿಸಿ, ತಾನೇ ಬಡಿದ ಚಾಕುವಿನಿಂದ ಕೊಯ್ದುಕೊಂಡು ಕೋಳಿಮೊಟ್ಟೆಗಿಂತ ದೊಡ್ಡ ಕಲ್ಲು ತೆಗೆದ. ಬದುಕಿಯೂ ಬದುಕಿದ. ಒಂದು ಕೈಯಲ್ಲಿ ಚಾಕು, ಇನ್ನೊಂದರಲ್ಲಿ ಕಲ್ಲು ಹಿಡಿದ ಅವನ ಚಿತ್ರ ಇಂದಿಗೂ ಇದೆ. ನಮ್ಮ ದೇಶದಲ್ಲಿ ಲಖನೌದ ಕ್ಲಾಡ್ ಮಾರ್ಟಿನ್ ಎಂಬ ಫ್ರೆಂಚ್ ಸಾಹೇಬ 1782ರಲ್ಲಿ ಮೂತ್ರನಾಳದೊಳಗೆ ಉಕ್ಕಿನ ಸಣ್ಣ ಅರವನ್ನು ತೂರಿಸಿ, ದಿನಕ್ಕೆ ಹಲವು ಬಾರಿ ತನ್ನ ಕಲ್ಲನ್ನು ತಾನೇ ಅರೆದು ಪುಡಿ ಮಾಡಿಕೊಂಡ. ಕೊಯ್ಯದೆ ಒಳಗೇ ಪುಡಿಮಾಡುವ ಈ ಉಪಾಯವನ್ನು ಪ್ಯಾರಿಸ್ಸಿನ ಸಿವಿಯಾಲ್ ಎಂಬ ವೈದ್ಯ 1824ರಲ್ಲಿ ಒಳ್ಳೆಯ ಸಲಕರಣೆಯಿಂದ ಮಾಡಿ ತೋರಿಸಿದ. 1980ರಲ್ಲಿ ಜರ್ಮನಿಯ ಮ್ಯೂನಿಕ್ಕಿನಲ್ಲಿ ಹೊರಗಿನಿಂದಲೇ ಅಲೆಗಳ ಹೊಡೆತ ಕೊಟ್ಟು ಕಲ್ಲು ಒಡೆಯುವುದು ಸಾಧ್ಯವಾಯಿತು. ಉರಿಮೂತ್ರಕ್ಕೆ 1935ರ ನಂತರ ಸಲ್ಫಾ ಮಾತ್ರೆ, ಅದಾದ ಮೇಲೆ ಬೇರೆ ಔಷಧಗಳು ಬಂದವು. ಇಷ್ಟೆಲ್ಲ ಬಂದ ಕಾಲದಲ್ಲಿ, ಬೀಗದ ಕೈ ಕೇಳಲು ನಾಚಿ ಸಾಯುವುದೆಂದರೇನು?

ಗಿರಣಿಯ ಬಂಧುಗಳಿಗೆ ಒಂದು ಮಾತು ಬೇರೆಯೇ ಹೇಳಬೇಕು. 1895ರಲ್ಲಿ ಫ್ರಾಂಕ್‌ಫರ್ಟಿನ ಲುಡ್ವಿಗ್ ರೆನ್ ಎಂಬ ಶಸ್ತ್ರವೈದ್ಯರು, ಬಣ್ಣ ತಯಾರಿಸುವ ಕಾರ್ಖಾನೆಯೊಂದರ ಕೆಲಸಗಾರರಲ್ಲಿ ಮೂತ್ರಕೋಶದ ಕ್ಯಾನ್ಸರ್ ಕಂಡು ಲೋಕಕ್ಕೆ ತಿಳಿಸಿದರು. ಬೆಂಜಿಡಿನ್, ನ್ಯಾಫ್ತೈಲಮೈನ್ ಎಂಬ ಪದಾರ್ಥಗಳು ದೇಹದೊಳಕ್ಕೆ ಹೋಗಿ, ಮೂತ್ರದೊಡನೆ ಕೋಶದಲ್ಲಿ ನಿಂತು, ಅದರ ಒಳಗೋಡೆಯನ್ನು ಕೆಡಿಸುತ್ತವೆಂದು ಆಮೇಲೆ ಗೊತ್ತಾಯಿತು. ಕೆಲಸ ಬಿಟ್ಟು ಇಪ್ಪತ್ತು ವರ್ಷದ ಮೇಲೂ ರೋಗ ಕಾಣಿಸಬಹುದು. ನಮ್ಮ ದೇಶದಲ್ಲಿ ಬೆಂಜಿಡಿನ್ ಬಣ್ಣಗಳಿಗೆ ನಿಷೇಧ ಬಂದದ್ದು 1990ರ ದಶಕದಲ್ಲಿ. ಅದಕ್ಕೆ ಮೊದಲು ಬಣ್ಣದ ಖಾತೆಯಲ್ಲಿ ಕೈಯದ್ದಿದವರು ಇನ್ನೂ ನಮ್ಮ ನಡುವೆ ಇದ್ದಾರೆ.

ಅಂಥ ಒಬ್ಬ ಹಿರಿಯರು ನಮ್ಮ ಪಕ್ಕದ ಖೋಲಿಯಲ್ಲಿದ್ದರು. ಮೂತ್ರದಲ್ಲಿ ಕೆಂಪು ಕಂಡಿತು, ನೋವಿರಲಿಲ್ಲ. ಉಷ್ಣವೆಂದು ಜೀರಿಗೆ ಕಷಾಯ ಕುಡಿದರು. ಕೆಂಪು ತಾನಾಗಿ ನಿಂತಿತು, ಕೆಲವು ತಿಂಗಳ ಮೇಲೆ ಮತ್ತೆ ಬಂತು. ನಮ್ಮೊಡನೆ ಹೇಳಿದ್ದರು. ನಾವೂ ಎಳನೀರು ಕುಡಿಯಿರೆಂದು ಹೇಳಿ ಸುಮ್ಮನಾದೆವು. ಆಸ್ಪತ್ರೆಗೆ ಹೋದಾಗ ಕಾಲ ಮೀರಿತ್ತು. ಅವರನ್ನು ಹೊತ್ತವರಲ್ಲಿ ನಾವೂ ಇದ್ದೆವು. ಅದಕ್ಕಾಗಿ ಹೇಳುತ್ತೇವೆ: ನೋವಿಲ್ಲದ ರಕ್ತವೇ ಹೆಚ್ಚು ಅಪಾಯದ್ದು. ಒಂದೇ ಸಲ ಕಂಡರೂ, ನಿಂತುಹೋದರೂ, ಡಾಕ್ಟರರಿಗೆ ತೋರಿಸಬೇಕು. ಬಣ್ಣದ ಕೆಲಸ ಮಾಡಿದ್ದರೆ ಅದನ್ನೂ ಹೇಳಬೇಕು. ಬೀಡಿ ಸಿಗರೇಟಿನ ಹೊಗೆಯಲ್ಲೂ ಇದೇ ಜಾತಿಯ ವಿಷವಿದೆ. ಬಣ್ಣದ ಖಾತೆಯನ್ನೇ ಕಾಣದವರಿಗೂ ಈ ರೋಗ ಬರುವುದು ಹೆಚ್ಚಾಗಿ ಅದರಿಂದ. ಇಲ್ಲಿ ಯಾರ ಜೇಬಿನಲ್ಲಿ ಕಟ್ಟು ಇದೆಯೆಂದು ನಾವು ನೋಡುವುದಿಲ್ಲ.

ಮನೆಮದ್ದನ್ನು ನಾವು ಹಳಿಯುವುದಿಲ್ಲ. ಬಾರ್ಲಿ ನೀರು, ಬಾಳೆದಿಂಡಿನ ರಸ, ನೆಗ್ಗಿಲ ಕಷಾಯ, ಎಲ್ಲದರಲ್ಲೂ ನೀರಂತೂ ಇದೆ. ಅದರ ಉಪಕಾರ ದೊಡ್ಡದು. ಆದರೆ ಜ್ವರ, ರಕ್ತ, ಮೂತ್ರ ಕಟ್ಟುವುದು ಇದ್ದಾಗ ಕಷಾಯ ಕಾಯಿಸುತ್ತ ಕೂರಬೇಡಿ. ಔಷಧದಂಗಡಿಯವನು ಕೊಟ್ಟ ಎರಡು ಮಾತ್ರೆ ನುಂಗಿ, ಉರಿ ಇಳಿಯಿತೆಂದು ಬಿಡಲೂ ಬೇಡಿ. ಅರ್ಧ ಸತ್ತ ಕ್ರಿಮಿ ಆ ಔಷಧಕ್ಕೆ ಮತ್ತೆ ಬಗ್ಗುವುದಿಲ್ಲ. ರಾತ್ರಿ ಪದೇ ಪದೇ ಏಳಬೇಕಾದರೆ ಸಕ್ಕರೆ ಕಾಯಿಲೆಯ ಪರೀಕ್ಷೆ ಮಾಡಿಸಿ. ಐವತ್ತು ದಾಟಿದ ಗಂಡಸರ ಧಾರೆ ಸಣ್ಣಗಾದರೆ ಅದಕ್ಕೂ ಚಿಕಿತ್ಸೆಯಿದೆ. ಖರ್ಚಿನ ಭಯವಿದ್ದವರಿಗೆ ನಮ್ಮ ಪುಣೆಯ ಸಸೂನ್ ಸರಕಾರಿ ಆಸ್ಪತ್ರೆ ಇದೆ; ಜೊತೆಗೆ ಬರಲು ನಾವಿದ್ದೇವೆ.

ನೀರು ಎಷ್ಟು ಕುಡಿಯಬೇಕು? ಲೋಟ ಎಣಿಸುವುದು ಬೇಡ. ಮೂತ್ರ ಗೋಧಿಹುಲ್ಲಿನಂತೆ ತೆಳು ಹಳದಿಯಿದ್ದರೆ ಸರಿ. ಚಹದ ಬಣ್ಣಕ್ಕೆ ತಿರುಗಿದರೆ ಸಾಲದು. ಹೃದಯದ, ಮೂತ್ರಪಿಂಡದ ಕಾಯಿಲೆಯವರು ಮಾತ್ರ ಡಾಕ್ಟರರನ್ನು ಕೇಳಿಯೇ ಕುಡಿಯಬೇಕು.

ಆದರೆ ಕುಡಿದ ನೀರನ್ನು ಬಿಡಲು ಜಾಗ ಬೇಕಲ್ಲ! 1948ರ ಕಾರ್ಖಾನೆ ಕಾಯಿದೆಯಲ್ಲಿ, ಕೆಲಸಗಾರರು ಕಾರ್ಖಾನೆಯಲ್ಲಿರುವ ಎಲ್ಲ ಸಮಯದಲ್ಲಿಯೂ ಪಾಯಖಾನೆ ಅವರಿಗೆ ಸಿಗುವಂತಿರಬೇಕು ಎಂದು ಬರೆದಿತ್ತು. ಅದರ ಜಾಗಕ್ಕೆ 2025ರ ನವೆಂಬರಿನಲ್ಲಿ ಬಂದ ಹೊಸ ಸಂಹಿತೆಯಲ್ಲೂ ಕುಡಿಯುವ ನೀರು, ಶೌಚಾಲಯದ ಮಾತಿದೆ. ಅಂಗಡಿ ಹೋಟೆಲುಗಳಿಗೆ ಮಹಾರಾಷ್ಟ್ರದ 2017ರ ಕಾಯಿದೆಯೂ ಅದನ್ನೇ ಹೇಳುತ್ತದೆ. ಕಾಯಿದೆ ತಾನಾಗಿ ಬಾಗಿಲು ತೆರೆಯುವುದಿಲ್ಲ, ಅಷ್ಟೇ. ಕೋಝಿಕ್ಕೋಡಿನ ಮಿಠಾಯಿ ಬೀದಿಯ ಅಂಗಡಿಗಳಲ್ಲಿ ದುಡಿಯುತ್ತಿದ್ದ ಹೆಂಗಸರಿಗೆ ಕೂರಲು ಸ್ಟೂಲಿರಲಿಲ್ಲ, ಮೂತ್ರಕ್ಕೆ ಜಾಗವಿರಲಿಲ್ಲ. ನೀರೇ ಕುಡಿಯದೆ ದಿನ ದೂಡುತ್ತಿದ್ದರು, ನಮ್ಮ ಭಟ್ಟರಂತೆಯೇ. ವಿಜಿ ಎಂಬ ಹೊಲಿಗೆ ಕೆಲಸದಾಕೆ ಅವರನ್ನು ಕೂಡಿಸಿ ಸಂಘ ಕಟ್ಟಿದರು. ವರ್ಷಗಟ್ಟಲೆ ಹೋರಾಡಿದ ಮೇಲೆ 2018ರಲ್ಲಿ ಕೇರಳ ಸರಕಾರ ಕಾಯಿದೆ ತಿದ್ದಿ ಕೂರುವ ಹಕ್ಕು ಕೊಟ್ಟಿತು. ನಾವು ನಿಂತಿರುವ ಈ ಮಗರಪಟ್ಟಾದಲ್ಲೇ ನೂರಕ್ಕೂ ಹೆಚ್ಚು ರೈತ ಕುಟುಂಬಗಳು ಭೂಮಿಯನ್ನು ಬೇರೆ ಬೇರೆ ಮಾರದೆ ಒಟ್ಟುಗೂಡಿಸಿ ನಗರ ಕಟ್ಟಲಿಲ್ಲವೇ? ಒಂದು ಬೀಗದ ಕೈಗಾಗಿ ನಾವು ಒಟ್ಟಾಗಲಾರೆವೇ?

ಬರುವ ಸೋಮವಾರ ಮಾಲೀಕರೊಡನೆ ಮಾತಿಗೆ ಕೂರುತ್ತೇವೆ. ಕೇಳುವುದು ಮೂರೇ: ಬೀಗದ ಕೈ ಗಲ್ಲಾದಿಂದ ಇಳಿದು ಅಡಿಗೆಮನೆಯ ಮೊಳೆಗೆ ಬರಬೇಕು, ಹೆಂಗಸರಿಗೆ ಬೇರೆ ಬಾಗಿಲು, ಒಳಗೆ ಚಿಲಕ ಇರಬೇಕು, ಕಾವಲಿಯ ಮುಂದೆ ನಿಂತವನನ್ನು ಎರಡು ಗಂಟೆಗೊಮ್ಮೆ ಹತ್ತು ನಿಮಿಷ ಬಿಡಿಸಲು ಇನ್ನೊಬ್ಬ ಇರಬೇಕು. ಒಪ್ಪುವವರು ಬಾಗಿಲ ಬಳಿಯ ಪುಸ್ತಕದಲ್ಲಿ ರುಜು ಹಾಕಿ. ರುಜು ಬಾರದವರು ಹೆಬ್ಬೆಟ್ಟು ಒತ್ತಿ.

ಒಂಟೆ ಭಟ್ಟರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಅವರ ಕಲ್ಲು ಬೆಂಕಿಪೊಟ್ಟಣದಲ್ಲಿದೆ; ಕಡಲೆಬೇಳೆಯಷ್ಟು ದೊಡ್ಡದೂ ಇಲ್ಲ. ಚಹ ಆದ ಮೇಲೆ ಬಂದು ನೋಡಿ, ಅವರು ತೋರಿಸುತ್ತಾರೆ.