ಒಗಟಿನ ಬೋಲರನ ಎದುರು

(ಸಂಘದ ರಾಜ್ಯೋತ್ಸವದ ಕೂಟದಲ್ಲಿ ಮಾಡಿದ ಭಾಷಣ)



ಏಕೀಕರಣದ ಚರಿತ್ರೆಯನ್ನೂ ಸಾಹಿತ್ಯವನ್ನೂ ಕುರಿತು ಮಾತನಾಡಲು ನಮಗಿಂತ ಬಲ್ಲವರು ಈ ಸಭೆಯಲ್ಲಿಯೇ ಹಲವರಿದ್ದಾರೆ. ಕಾರ್ಯದರ್ಶಿಗಳು ನಮ್ಮ ಪಾಲಿಗೆ ಇಟ್ಟಿರುವುದು ಕ್ರಿಕೆಟ್ಟು. ಸಂತೋಷದಿಂದ ಒಪ್ಪಿಕೊಂಡಿದ್ದೇವೆ.

2025ರ ಮಾರ್ಚಿ 2ರಂದು ದುಬೈಯಲ್ಲಿ, ಚಾಂಪಿಯನ್ಸ್ ಟ್ರೋಫಿಯ ಪಂದ್ಯದಲ್ಲಿ, ವರುಣ್ ಚಕ್ರವರ್ತಿಯವರು 42 ರನ್ನುಗಳಿಗೆ ನ್ಯೂಜಿಲೆಂಡಿನ ಐದು ವಿಕೆಟ್ಟುಗಳನ್ನು ಕಿತ್ತರು. ಅವರು ಹುಟ್ಟಿದ್ದು ನಮ್ಮ ಬೀದರಿನಲ್ಲಿ, ಆಡುತ್ತ ಬಂದದ್ದು ತಮಿಳುನಾಡಿನ ಪರವಾಗಿ. ಊರು ಒಂದು ಕಡೆ, ಅನ್ನ ಒಂದು ಕಡೆ ಆಗಿರುವ ನಮ್ಮಂಥವರಿಗೆ ಇದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ಇಂಥ ಬೋಲರನನ್ನು ಪತ್ರಿಕೆಗಳು ‘ಒಗಟಿನ ಬೋಲರು’ ಎಂದು ಕರೆಯುತ್ತವೆ. ಈ ಒಗಟು ಎಂದರೇನು, ಎದುರಾಳಿ ತಂಡಗಳು ಅದರ ಮುಂದೆ ಏನು ಮಾಡಬಹುದು ಎಂಬುದು ಇಂದಿನ ನಮ್ಮ ವಿಷಯ.

ಆಟದ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಗಿರಕಿ ಹಾಕುವ ಬೋಲರನ ಕೈ ಬಿಟ್ಟ ಚೆಂಡು ದಾಂಡಿಗನನ್ನು ಮುಟ್ಟಲು ಹೆಚ್ಚು ಕಡಿಮೆ ಮುಕ್ಕಾಲು ಸೆಕೆಂಡು ಹಿಡಿಯುತ್ತದೆ. ಚೆಂಡು ಯಾವ ಕಡೆಗೆ ತಿರುಗೀತು ಎಂಬ ಸುಳಿವು ಈ ಅವಧಿಯಲ್ಲಿ ಮೂರೆಡೆ ದೊರೆಯುವುದುಂಟು: ಮೊದಲು ಬೋಲರನ ಕೈಯಲ್ಲಿ, ಆಮೇಲೆ ಗಾಳಿಯಲ್ಲಿ, ಕೊನೆಗೆ ನೆಲಕ್ಕೆ ಬಿದ್ದು ಎದ್ದಾಗ. ಕೈಯನ್ನೇ ಓದಬಲ್ಲವನಿಗೆ ಸಮಯವೆಲ್ಲ ಕೈವಶ. ಗಾಳಿಯಲ್ಲಿ ಕಂಡುಕೊಂಡವನಿಗೆ ಅರ್ಧ. ನೆಲದಿಂದ ಎದ್ದ ಮೇಲೆ ನೋಡುವವನಿಗೆ ಉಳಿಯುವುದು ಬರಿಯ ಚಿಲ್ಲರೆ. ಬ್ಯಾಂಕಿನಲ್ಲಿ ಚೆಕ್ಕು ಬಂದರೆ ನಾವು ಅದನ್ನು ಮಾದರಿ ಸಹಿಯ ಪಕ್ಕದಲ್ಲಿ ಹಿಡಿದು ನೋಡುತ್ತೇವಷ್ಟೆ. ಒಂದೇ ಸಹಿ ಎರಡು ಬೇರೆ ಬೇರೆ ಖಾತೆಗಳಿಗೆ ಸಲ್ಲುವಂತಿದ್ದರೆ ನಮ್ಮ ಗತಿ ಏನಾಗಬೇಕು? ಒಗಟಿನ ಬೋಲರನ ಮುಂದೆ ದಾಂಡಿಗನ ಗತಿ ಅದು. ಅವನು ಮೊದಲು ಕದಿಯುವುದು ದಾಂಡಿಗನ ಸಮಯವನ್ನು. ವಿಕೆಟ್ಟು ತಾನಾಗಿ ಹಿಂದೆ ಬರುತ್ತದೆ.

ಈ ಕಳವಿನ ಅತ್ಯಂತ ಸ್ವಾರಸ್ಯವಾದ ಕಥೆ ವೆಸ್ಟ್ ಇಂಡೀಸಿನ ಸಾನಿ ರಾಮಾಧೀನರದು. ಟ್ರಿನಿಡಾಡಿನ ಕಬ್ಬಿನ ಸೀಮೆಯಿಂದ ಬಂದ ಭಾರತೀಯ ವಂಶದ ಹುಡುಗ. 1950ರಲ್ಲಿ ಇಂಗ್ಲೆಂಡಿನ ಪ್ರವಾಸಕ್ಕೆ ಆರಿಸಲ್ಪಟ್ಟಾಗ ಆಡಿದ್ದ ಪ್ರಥಮ ದರ್ಜೆಯ ಪಂದ್ಯಗಳು ಎರಡೇ ಎರಡು. ಕುಳ್ಳಗಿನ ಆಳು, ತಲೆಯ ಮೇಲೆ ಟೋಪಿ, ಅಂಗಿಯ ತೋಳು ಮಣಿಕಟ್ಟಿನವರೆಗೂ ಗುಂಡಿ ಹಾಕಿದ್ದು. ಆ ಬಿಳಿಯ ತೋಳಿನೊಳಗಿಂದ ಹೊರಟ ಚೆಂಡು ಒಳಕ್ಕೆ ಬಂದೀತೋ ಹೊರಕ್ಕೆ ಹೋದೀತೋ ಎಂದು ಇಂಗ್ಲೆಂಡಿನ ಘಟಾನುಘಟಿಗಳಿಗೂ ತಿಳಿಯದೆ ಹೋಯಿತು. ಲಾರ್ಡ್ಸ್ ಮೈದಾನದಲ್ಲಿ ಅವರು 152 ರನ್ನಿಗೆ 11 ವಿಕೆಟ್ಟು ತೆಗೆದರು. ವೆಸ್ಟ್ ಇಂಡೀಸ್ 326 ರನ್ನುಗಳಿಂದ ಗೆದ್ದಿತು. ಇಂಗ್ಲೆಂಡಿನ ನೆಲದಲ್ಲಿ ಅವರ ಮೊದಲನೆಯ ಟೆಸ್ಟ್ ಜಯ ಅದು. ಆಳುವ ದೊರೆಗಳನ್ನು ಅವರದೇ ಅಂಗಳದಲ್ಲಿ ಸೋಲಿಸಿದ ಆ ದಿನದ ಅರ್ಥವನ್ನು ಭಾರತೀಯರಾದ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಏಳು ವರ್ಷ ಕಳೆಯಿತು. 1957ರ ಮೇ ತಿಂಗಳ ಕೊನೆಗೆ ಬರ್ಮಿಂಗ್‌ಹ್ಯಾಮಿನ ಎಜ್‌ಬಾಸ್ಟನ್ನಿನಲ್ಲಿ ಮತ್ತೆ ಅದೇ ನಾಟಕ ಆರಂಭವಾಯಿತು. ಇಂಗ್ಲೆಂಡು 186ಕ್ಕೆ ಮುಗಿಯಿತು, ರಾಮಾಧೀನರಿಗೆ 49 ರನ್ನಿಗೆ ಏಳು ವಿಕೆಟ್ಟು. ವೆಸ್ಟ್ ಇಂಡೀಸ್ 474 ಹೊಡೆಯಿತು. ಎರಡನೆಯ ಸರದಿಯಲ್ಲಿ ಇಂಗ್ಲೆಂಡಿನ ಮೂರು ವಿಕೆಟ್ಟು 113ಕ್ಕೆ ಬಿದ್ದಾಗ ನಾಯಕ ಪೀಟರ್ ಮೇ ಅವರನ್ನು ಕಾಲಿನ್ ಕೌಡ್ರಿ ಕೂಡಿಕೊಂಡರು. ಅಲ್ಲಿಂದ ಮುಂದೆ ಈ ಇಬ್ಬರೂ ಒಗಟನ್ನು ಬಿಡಿಸುವ ಗೋಜಿಗೇ ಹೋಗಲಿಲ್ಲ. ಎಡಗಾಲನ್ನು ಉದ್ದಕ್ಕೆ ಮುಂದಿಟ್ಟು, ದಾಂಡನ್ನು ಪ್ಯಾಡಿನ ಹಿಂದೆಯೋ ಪಕ್ಕದಲ್ಲಿಯೋ ಇರಿಸಿಕೊಂಡು ಚೆಂಡನ್ನು ಕಾಲಿನಿಂದಲೇ ತಡೆಯುತ್ತ ಹೋದರು. ಕೌಡ್ರಿಯಂತೂ ಇದರಲ್ಲಿ ಮುಂದಾಳು. ಆಗಿನ ನಿಯಮದಂತೆ ಆಫ್ ಗೂಟದ ಗೆರೆಯಿಂದ ಹೊರಗೆ ಪ್ಯಾಡಿಗೆ ತಗುಲಿದ ಚೆಂಡಿಗೆ, ದಾಂಡಿಗನು ಹೊಡೆಯಲು ಯತ್ನಿಸದಿದ್ದರೂ, ಎಲ್.ಬಿ.ಡಬ್ಲ್ಯು. ಕೊಡುವಂತಿರಲಿಲ್ಲ. ಬೋಲರನು ಕೂಗಿದ್ದೇ ಕೂಗಿದ್ದು, ಅಂಪೈರನು ತಲೆಯಾಡಿಸಿದ್ದೇ ತಲೆಯಾಡಿಸಿದ್ದು. ಇಬ್ಬರೂ ಸೇರಿ 411 ರನ್ನು ಕೂಡಿಸಿದರು. ಕೌಡ್ರಿ 154, ಮೇ ಔಟಾಗದೆ 285. ರಾಮಾಧೀನರು ಆ ಒಂದು ಸರದಿಯಲ್ಲಿ 98 ಓವರು, ಅಂದರೆ 588 ಚೆಂಡು, ಹಾಕಿದರು. ಟೆಸ್ಟಿನ ಒಂದು ಸರದಿಯಲ್ಲಿ ಬೇರೆ ಯಾರೂ ಅಷ್ಟು ಹಾಕಿದ್ದಿಲ್ಲ. ದೊರೆತ ವಿಕೆಟ್ಟು ಎರಡು.

ಇದು ಬುದ್ಧಿವಂತಿಕೆಯೋ ಅನ್ಯಾಯವೋ ಎಂದು ಕೇಳಿದರೆ, ಎರಡೂ ಹೌದೆಂದು ನಮ್ಮ ಅಭಿಪ್ರಾಯ. ನಿಯಮ ಮೀರಿದ್ದು ಏನೂ ಇಲ್ಲ. ಆದರೆ ಕೈಯಲ್ಲಿ ದಾಂಡನ್ನು ಕೊಟ್ಟು ನಿಲ್ಲಿಸಿದವನು ಕಾಲಿನಿಂದ ಆಡಿದರೆ ಅದು ಯಾವ ದಾಂಡಿನ ಆಟ? ಕಾನೂನು ಮಾಡುವವರಿಗೂ ಕಡೆಗೆ ಇದು ಸರಿಕಾಣದೆ, 1980ರ ನಿಯಮಾವಳಿಯಲ್ಲಿ, ದಾಂಡಿಗನು ನಿಜವಾಗಿ ಆಡಲು ಯತ್ನಿಸದಿದ್ದರೆ ಗೆರೆಯ ಹೊರಗೆ ತಗುಲಿದರೂ ಔಟು ಎಂದು ನಿಲ್ಲಿಸಿದರು. ರಾಮಾಧೀನರ ಪಾಲಿಗೆ ಅದು 23 ವರ್ಷ ತಡವಾಗಿ ಬಂದ ತೀರ್ಪು. 2022ರಲ್ಲಿ ಅವರು ತೀರಿಕೊಂಡಾಗ ಲಾರ್ಡ್ಸಿನ 11 ವಿಕೆಟ್ಟುಗಳ ಜೊತೆಗೆ ಆ 98 ಓವರುಗಳನ್ನೂ ಜನ ನೆನೆದರು.

ಆದ್ದರಿಂದ ಕಾಲಿನ ಉಪಾಯ ಇಂದಿನ ತಂಡಗಳಿಗೆ ದಕ್ಕುವುದಿಲ್ಲ. ಉಳಿದ ದಾರಿ ಯಾವುದು? ಇದಕ್ಕೆ ನಮ್ಮವರೇ ಪಟ್ಟ ಪಾಡನ್ನು ನೋಡಬೇಕು. 2008ರ ಜುಲೈ 6ರಂದು ಕರಾಚಿಯಲ್ಲಿ, ಏಷ್ಯಾ ಕಪ್ಪಿನ ಕೊನೆಯ ಪಂದ್ಯದಲ್ಲಿ, ಶ್ರೀಲಂಕೆಯ ಸೈನ್ಯದಿಂದ ಬಂದ ಅಜಂತ ಮೆಂಡಿಸರು 13 ರನ್ನಿಗೆ ನಮ್ಮ ಆರು ವಿಕೆಟ್ಟು ಉರುಳಿಸಿದರು. ಕೇರಂ ಕಾಯಿಯನ್ನು ಚಿಮ್ಮಿಸುವಂತೆ ಹೆಬ್ಬೆರಳಿಗೂ ನಡುಬೆರಳಿಗೂ ನಡುವೆ ಒತ್ತಿ ಚೆಂಡನ್ನು ಚಿಮ್ಮಿಸುವುದು ಅವರ ವಿದ್ಯೆ. (ವಿದ್ಯೆ ಹೊಸದಲ್ಲ. ನಡುಬೆರಳನ್ನು ಮಡಚಿಯೇ ಆಸ್ಟ್ರೇಲಿಯದ ಜ್ಯಾಕ್ ಐವರ್ಸನ್ 1950-51ರಲ್ಲಿ ಇಂಗ್ಲೆಂಡಿನ 21 ವಿಕೆಟ್ಟು ತೆಗೆದಿದ್ದರು.) ಅದೇ ತಿಂಗಳು ಕೊಲಂಬೊದಲ್ಲಿ ಮೆಂಡಿಸರಿಗೆ ದಕ್ಕಿದ ಮೊತ್ತಮೊದಲ ಟೆಸ್ಟ್ ವಿಕೆಟ್ಟು ನಮ್ಮ ರಾಹುಲ್ ದ್ರಾವಿಡರದೇ. ಗೋಡೆಯೆಂದು ಹೆಸರಾದವರ ಗೂಟವೇ ಹಾರಿತು! ಮೂರು ಟೆಸ್ಟುಗಳಲ್ಲಿ ಒಟ್ಟು 26 ವಿಕೆಟ್ಟು.

ಆ ಮೂರರಲ್ಲಿ ಭಾರತ ಗೆದ್ದದ್ದು ಗಾಲೆಯ ಟೆಸ್ಟೊಂದನ್ನೇ. ಅದನ್ನು ಗೆಲ್ಲಿಸಿದ್ದು ಮುಖ್ಯವಾಗಿ ವೀರೇಂದ್ರ ಸೆಹ್ವಾಗರ ದಾಂಡು. ಮೊದಲನೆಯ ಸರದಿಯ 329ರಲ್ಲಿ ಅವರದು ಔಟಾಗದೆ 201. ಉಳಿದ ಹತ್ತು ಮಂದಿಯಲ್ಲಿ ಗಂಭೀರ್, ಲಕ್ಷ್ಮಣ್ ಇಬ್ಬರೇ ಎರಡಂಕಿ ಮುಟ್ಟಿದವರು. ಮೆಂಡಿಸರು ಆ ಪಂದ್ಯದಲ್ಲಿಯೂ ಹತ್ತು ವಿಕೆಟ್ಟು ತೆಗೆದರೆಂಬುದನ್ನು ಮರೆಯಬಾರದು. ಅಂದರೆ ಒಗಟು ಬಿಡಿಸಲ್ಪಟ್ಟಿರಲಿಲ್ಲ. ಅದರ ಭಯವಿಲ್ಲದವರೊಬ್ಬರು ಎದುರಿಗಿದ್ದರು, ಅಷ್ಟೆ. ಬಿಡಿಸಿದ್ದು ಮರುವರ್ಷ. 2009ರ ನವೆಂಬರಿನಲ್ಲಿ ಕಾನ್ಪುರದಲ್ಲಿ ಅದೇ ಮೆಂಡಿಸರ ಎದುರು ಭಾರತ 642 ರನ್ನು ಮಾಡಿತು. ಸೆಹ್ವಾಗ್ 131, ಗಂಭೀರ್ 167, ದ್ರಾವಿಡ್ 144. ದ್ರಾವಿಡರ ಈ 144 ನಮಗೆ ಸೆಹ್ವಾಗರ 201ಕ್ಕಿಂತ ಹೆಚ್ಚು ಪಾಠ ಹೇಳುತ್ತದೆ. ಸೆಹ್ವಾಗರ ಧೈರ್ಯ ಹುಟ್ಟಿನಿಂದ ಬಂದದ್ದು, ಅದನ್ನು ಯಾವ ತಂಡವೂ ಅಭ್ಯಾಸದ ಬಲೆಯಲ್ಲಿ ಕಲಿಸಲಾರದು. ದ್ರಾವಿಡರು ಮಾತ್ರ ಕಲಿತು ಬಂದವರು. ಮತ್ತೆ ಮತ್ತೆ ಎದುರಿಸಿದರೆ ಕಣ್ಣು ಪಳಗುತ್ತದೆ, ಕಾಲು ಆತುರ ಬಿಡುತ್ತದೆ.

ಯಂತ್ರವಿಟ್ಟುಕೊಂಡು ಕಲಿಯಬಾರದೇ ಎಂದು ತರುಣರು ಕೇಳಬಹುದು. 2005ರಲ್ಲಿ ಇಂಗ್ಲೆಂಡು ಶೇನ್ ವಾರ್ನರನ್ನು ಎದುರಿಸಲು ಮರ್ಲಿನ್ ಎಂಬ ಗಿರಕಿಯ ಯಂತ್ರದ ಮುಂದೆ ಅಭ್ಯಾಸ ಮಾಡಿತು. ವಾರ್ನರು ಆ ಐದು ಟೆಸ್ಟುಗಳಲ್ಲಿ 40 ವಿಕೆಟ್ಟು ತೆಗೆದರು! ಯಂತ್ರ ಚೆಂಡನ್ನು ತಿರುಗಿಸಬಲ್ಲದು. ಓದುವುದಕ್ಕೆ ಅದಕ್ಕೆ ಮಣಿಕಟ್ಟಿಲ್ಲ, ಬೆರಳಿಲ್ಲ. ಚಲಚ್ಚಿತ್ರವನ್ನು ನಿಧಾನವಾಗಿ ಓಡಿಸಿ ಕೈಯನ್ನು ನೋಡುವುದು ಇದಕ್ಕಿಂತ ಮೇಲು, ಆದರೆ ಪರದೆಯ ಮುಂದೆ ಕುಳಿತವನಿಗೆ ಮುಕ್ಕಾಲು ಸೆಕೆಂಡಿನ ಗಡುವಿರುವುದಿಲ್ಲ.

ಇನ್ನು ಓದಿದರೂ ಪ್ರಯೋಜನವಿಲ್ಲದ ಬೋಲರರುಂಟು. ಮೈಸೂರಿನ ಬಿ. ಎಸ್. ಚಂದ್ರಶೇಖರರ ಹೆಸರು ಹೇಳದೆ ಈ ಮಾತು ಮುಗಿಸಿದರೆ ನಮ್ಮನ್ನು ಈ ಸಭೆಯಿಂದ ಎಬ್ಬಿಸಿ ಕಳಿಸಿಯಾರು. ಬಾಲ್ಯದಲ್ಲಿ ಪೋಲಿಯೋ ತಗುಲಿ ಸೊರಗಿದ ಬಲಗೈ. ಅದೇ ಕೈಯಿಂದ 58 ಟೆಸ್ಟುಗಳಲ್ಲಿ 242 ವಿಕೆಟ್ಟು. 1971ರಲ್ಲಿ ಓವಲಿನಲ್ಲಿ 38 ರನ್ನಿಗೆ ಆರು ವಿಕೆಟ್ಟು ಕಿತ್ತು ಇಂಗ್ಲೆಂಡನ್ನು 101ಕ್ಕೆ ಮುಗಿಸಿದ್ದು ಹಿರಿಯರಿಗೆ ನೆನಪಿರಬೇಕು. 1964ರಲ್ಲಿ ಮೊದಲ ಟೆಸ್ಟಾಡಿದವರು 1977-78ರ ಮೆಲ್ಬರ್ನ್ ಟೆಸ್ಟಿನಲ್ಲಿ ಎರಡು ಸರದಿಯಲ್ಲೂ ಆರಾರು ವಿಕೆಟ್ಟು ತೆಗೆದರು. ಅಷ್ಟು ವರ್ಷ ಎದುರಾಳಿಗಳು ಅವರನ್ನು ನೋಡಿರಲಿಲ್ಲವೇ? ನೋಡಿದ್ದರು. ಆದರೆ ಅವರ ಗೂಗ್ಲಿಯನ್ನು ಕೈಯಲ್ಲಿಯೇ ಗುರುತಿಸಿದವನಿಗೂ, ಆ ವೇಗ ಆ ಪುಟಿತಗಳ ಮುಂದೆ ದಾಂಡನ್ನು ತರಲು ಸಮಯ ಸಾಲುತ್ತಿರಲಿಲ್ಲ.

ವರುಣರ ಒಗಟು ಯಾವ ಜಾತಿಯದು? 2021ರ ಟಿ-20 ವಿಶ್ವಕಪ್ಪಿನಲ್ಲಿ ಮೂರು ಪಂದ್ಯ ಆಡಿದ ಅವರಿಗೆ ಒಂದೂ ವಿಕೆಟ್ಟು ಸಿಕ್ಕಲಿಲ್ಲ. ಮೂರು ವರ್ಷ ತಂಡದ ಹೊರಗುಳಿದರು. ಆ ಅವಧಿಯಲ್ಲಿ ಪಕ್ಕಕ್ಕೆ ಸುತ್ತುವ ಗಿರಕಿಯನ್ನು ಬಿಟ್ಟು, ಮುಂದಕ್ಕೆ ಉರುಳಿ ಪುಟಿಯುವ ಗಿರಕಿಯನ್ನು ಅಭ್ಯಾಸ ಮಾಡಿದುದಾಗಿ ಅವರೇ ಹೇಳಿಕೊಂಡಿದ್ದಾರೆ. ಬೆರಳಿನ ಗುಟ್ಟೊಂದನ್ನೇ ನಂಬದೆ ಚಂದ್ರಶೇಖರರ ದಾರಿಗೆ ಒಂದು ಹೆಜ್ಜೆ ಸರಿದರೆಂದು ನಮಗೆ ತೋರುತ್ತದೆ.

ನ್ಯೂಜಿಲೆಂಡಿನವರು ಆ ಮಾರ್ಚಿಯಲ್ಲಿ ಅವರನ್ನು ಎರಡು ಸಲ ಎದುರಿಸಿದರು. ಮಾರ್ಚಿ 2ರಂದು ಹತ್ತು ಓವರಿಗೆ 42 ರನ್ನು, ಐದು ವಿಕೆಟ್ಟು. ಒಂದು ವಾರದ ಮೇಲೆ, 9ರಂದು, ಅದೇ ಮೈದಾನದಲ್ಲಿ ಕೊನೆಯ ಪಂದ್ಯ: ಹತ್ತು ಓವರಿಗೆ 45 ರನ್ನು, ಎರಡು ವಿಕೆಟ್ಟು. ಲೆಕ್ಕ ಬಲ್ಲವರು ಈ ಎರಡು ಸಾಲುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಒಂದೇ ವಾರದಲ್ಲಿ ಅವರು ಮೂರು ವಿಕೆಟ್ಟುಗಳನ್ನು ಉಳಿಸಿಕೊಂಡರು, ಶ್ಲಾಘ್ಯವೇ. ಆದರೆ ಗಳಿಸಿದ್ದು ಮೂರೇ ರನ್ನು ಹೆಚ್ಚು. ಮೇ-ಕೌಡ್ರಿಯರಿಗೆ ದಿನಗಟ್ಟಲೆ ಸಮಯವಿತ್ತು, 98 ಓವರು ಕಾಯಬಹುದಾಗಿತ್ತು. ಇಲ್ಲಿ ಇಡೀ ಸರದಿಯೇ 50 ಓವರು. ಅದರಲ್ಲಿ ಹತ್ತನ್ನು ಜೋಪಾನವಾಗಿ ದಾಟಿಸಿದರೆ ಸಾಲ ಉಳಿದ ನಲವತ್ತರ ತಲೆಗೆ ಬೀಳುತ್ತದೆ. ನ್ಯೂಜಿಲೆಂಡು 251ಕ್ಕೆ ನಿಂತಿತು, ಭಾರತ ಆರು ಚೆಂಡು ಬಾಕಿಯಿರುವಾಗ ಗೆದ್ದಿತು.